ಹೊರಗಿನವರು ಬಂದು ಒಂದು ದೇಶವನ್ನು ಗಟ್ಟಿಯಾಗಿ ಕಟ್ಟಬಲ್ಲರೇ?

ಪ್ರಶ್ನೆ: ಅಫ್ಘಾನಿಸ್ತಾನದಲ್ಲಿ ಅಮೆರಿಕ 20 ವರ್ಷ ಇತ್ತು. ಸೈನ್ಯ ಕಟ್ಟಿತು, ಶಾಲೆ ತೆರೆಯಿತು, ಚುನಾವಣೆ ಮಾಡಿಸಿತು. 2021ರಲ್ಲಿ ಎಲ್ಲವೂ ಕೆಲವೇ ದಿನಗಳಲ್ಲಿ ಕುಸಿದು ಬಿತ್ತು. ಆದರೆ ಇದೇ ಅಮೆರಿಕ ಜಪಾನ್ ಮತ್ತು ಜರ್ಮನಿಯಲ್ಲಿ ಕೆಲವೇ ವರ್ಷಗಳಲ್ಲಿ ಗೆದ್ದಿತ್ತಲ್ವಾ? ಹೊರಗಿನವರಿಗೆ ಒಂದು ದೇಶ ಕಟ್ಟುವುದು ಯಾಕೆ ಇಷ್ಟು ಕಷ್ಟ? ಆಗುವುದೇ ಇಲ್ಲ ಎಂದಾದರೆ ಒಂದು ದೇಶ ಹೊತ್ತಿ ಉರಿಯುವಾಗ ಉಳಿದವರು ಸುಮ್ನೆ ಕೈಕಟ್ಟಿ ಕೂರಬೇಕಾ?

ಉತ್ತರ: ಮೊದಲು ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ. ಹೊರಗಿನವರು ಯುದ್ಧ ನಿಲ್ಲಿಸಬಲ್ಲರು. ರಸ್ತೆ ಹಾಕಬಲ್ಲರು, ಸಂಬಳ ಕೊಡಬಲ್ಲರು, ಸಂವಿಧಾನದ ಕರಡನ್ನೂ ಬರೆದುಕೊಡಬಲ್ಲರು. ಆದರೆ ಆಳುವವರಿಗೂ ಜನರಿಗೂ ನಡುವೆ ಕುದುರಬೇಕಾದ ಒಪ್ಪಂದವನ್ನು ಅವರು ಮಾಡಿಕೊಡಲಾರರು. ನಾನು ತೆರಿಗೆ ಕಟ್ಟುತ್ತೇನೆ, ನೀನು ನನ್ನ ಜಮೀನಿನ ವ್ಯಾಜ್ಯವನ್ನು ನ್ಯಾಯವಾಗಿ ಬಿಡಿಸು. ನನ್ನ ಮಗನನ್ನು ಸೈನ್ಯಕ್ಕೆ ಕಳಿಸುತ್ತೇನೆ, ನೀನು ನನ್ನ ಊರನ್ನು ಕಾಯಿ. ಈ ಒಪ್ಪಂದದ ಬಹುಪಾಲು ಯಾವ ಕಾಗದದಲ್ಲೂ ಇರುವುದಿಲ್ಲ. ಜಗಳ, ಚೌಕಾಸಿ, ರಾಜಿ ಎಲ್ಲ ಸೇರಿ ನಿಧಾನವಾಗಿ ಮೂಡುತ್ತದೆ. ಹೊರಗಿನಿಂದ ಒಮ್ಮೆಗೇ ತುಂಬ ಹಣ, ತುಂಬ ಬಲ ಬಂದಾಗ ಆಳುವವರಿಗೆ ಈ ಒಪ್ಪಂದ ಬೇಕೇ ಆಗುವುದಿಲ್ಲ. ಅವರು ತಮ್ಮ ಜನರ ಮುಖ ನೋಡುವುದನ್ನು ಬಿಟ್ಟು ಹಣ ಕೊಡುವವರ ಮುಖ ನೋಡತೊಡಗುತ್ತಾರೆ. ಭ್ರಷ್ಟಾಚಾರ, ದುರ್ಬಲ ಸೈನ್ಯ, ಯಾರೂ ನಂಬದ ಕೋರ್ಟು ಇವೆಲ್ಲ ಜಾಸ್ತಿ ಹುಟ್ಟುವುದು ಇಲ್ಲಿಂದಲೇ.

ಜಪಾನ್, ಜರ್ಮನಿ ವಿಷಯಕ್ಕೆ ಬರೋಣ. ಈ ಉದಾಹರಣೆಯನ್ನು ನೀವೊಬ್ಬರೇ ಕೊಡುತ್ತಿಲ್ಲ. 2003ರಲ್ಲಿ ಇರಾಕಿಗೆ ಸೈನ್ಯ ಹೊರಡುವ ಮುಂಚೆ ಅಮೆರಿಕದ ಅಧ್ಯಕ್ಷರೇ ಇದನ್ನು ಕೊಟ್ಟಿದ್ದರು. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು.

1945ರಲ್ಲಿ ಜಪಾನಿನ ನಗರಗಳು ಸುಟ್ಟುಹೋಗಿದ್ದವು. ಆಡಳಿತ ಮಾತ್ರ ಉಳಿದಿತ್ತು. ಅಲ್ಲಿ 1890ರಿಂದಲೇ ಸಂಸತ್ತು ಇತ್ತು. 1925ರಲ್ಲೇ ವಯಸ್ಕ ಗಂಡಸರಿಗೆಲ್ಲ ಮತ ಹಾಕುವ ಹಕ್ಕು ಕೊಡುವ ಕಾಯ್ದೆ ಆಗಿತ್ತು. ತೆರಿಗೆ ವಸೂಲಿ, ಅಂಚೆ, ರೈಲು, ಶಾಲೆ, ಜಮೀನಿನ ದಾಖಲೆ ಎಲ್ಲ ಊರೂರಿಗೂ ತಲುಪಿದ್ದವು. ಗೆದ್ದ ಪಡೆಗಳ ಪರವಾಗಿ ಜಪಾನನ್ನು ನೋಡಿಕೊಳ್ಳುತ್ತಿದ್ದ ಅಮೆರಿಕದ ಜನರಲ್ ಮೆಕಾರ್ಥರ್ ಈ ಯಂತ್ರವನ್ನು ಕೆಡವಲಿಲ್ಲ. ಜಪಾನಿ ಸರ್ಕಾರದ ಮೂಲಕವೇ ಆಳಿದರು. ಚಕ್ರವರ್ತಿಯನ್ನೂ ಸ್ಥಾನದಲ್ಲಿ ಉಳಿಸಿಕೊಂಡರು. ಆ ಕಾಲದ ದೊಡ್ಡ ಸಾಧನೆ ಎಂದರೆ ಭೂಸುಧಾರಣೆ. ಗೇಣಿ ಜಮೀನಿನ ಬಹುಪಾಲು ಉಳುವವರ ಕೈ ಸೇರಿತು. ಅದಕ್ಕೆ ಒತ್ತಡ ಹಾಕಿದ್ದು ಅಮೆರಿಕನ್ನರು, ನಿಜ. ಆದರೆ ಜಪಾನಿನ ಕೃಷಿ ಇಲಾಖೆಯ ಅಧಿಕಾರಿಗಳು ಯುದ್ಧಕ್ಕೆ ಮೊದಲೇ ಇದರ ಬಗ್ಗೆ ಯೋಚಿಸಿದ್ದರು. ಹಳ್ಳಿ ಹಳ್ಳಿಗಳಲ್ಲಿ ಅದನ್ನು ಜಾರಿ ಮಾಡಿದ್ದೂ ಅಲ್ಲಿನವರೇ.

ಇಲ್ಲಿ ಒಂದು ಸಂಗತಿ ನನ್ನ ವಾದಕ್ಕೆ ಅಡ್ಡ ಬರುವಂತೆ ಕಾಣುತ್ತದೆ. ಜಪಾನಿನ ಈಗಿನ ಸಂವಿಧಾನದ ಕರಡನ್ನು ಮೆಕಾರ್ಥರ್ ಅವರ ಸಿಬ್ಬಂದಿ 1946ರ ಫೆಬ್ರುವರಿಯಲ್ಲಿ ಒಂದು ವಾರದಷ್ಟು ಸಮಯದಲ್ಲಿ ಬರೆದರು. ಅದು 1947ರ ಮೇ 3ರಂದು ಜಾರಿಗೆ ಬಂತು. ಇವತ್ತಿಗೂ ಅದಕ್ಕೆ ಒಂದೇ ಒಂದು ತಿದ್ದುಪಡಿ ಆಗಿಲ್ಲ. ಹಾಗಾದರೆ ಹೊರಗಿನವರು ಬರೆದ ಸಂವಿಧಾನ ಬಾಳಿತಲ್ಲ? ಬಾಳಿತು. ಕರಡು ಬಂದ ಮೇಲೆ ಏನಾಯಿತು ಎಂದು ನೋಡಿದರೆ ಕಾರಣ ತಿಳಿಯುತ್ತದೆ. ಕರಡಿನಲ್ಲಿ ಒಂದೇ ಸದನದ ಸಂಸತ್ತು ಇತ್ತು. ಜಪಾನಿಯರು ಪಟ್ಟು ಹಿಡಿದು ಎರಡು ಸದನ ಮಾಡಿಸಿದರು. ಪ್ರತಿಯೊಬ್ಬರಿಗೂ ಮರ್ಯಾದೆಯಿಂದ ಬದುಕುವಷ್ಟು ಜೀವನಮಟ್ಟ ಇರಬೇಕು ಎಂಬ ಹಕ್ಕನ್ನು ಅಲ್ಲಿನ ಸಂಸದರೇ ಒತ್ತಾಯಿಸಿ ಸೇರಿಸಿದರು. 1946ರ ಏಪ್ರಿಲ್ ಚುನಾವಣೆಯಲ್ಲಿ ಹೆಂಗಸರು ಮೊದಲ ಬಾರಿ ಮತ ಹಾಕಿದ್ದರು. ಆ ಚುನಾವಣೆಯಲ್ಲಿ ಗೆದ್ದು ಬಂದವರೇ ಕರಡಿನ ಮೇಲೆ ತಿಂಗಳುಗಟ್ಟಲೆ ಚರ್ಚೆ ಮಾಡಿದರು. ಕರಡು ಹೊರಗಿನದು, ಅದರ ಮೇಲಿನ ಚೌಕಾಸಿ ಒಳಗಿನದು. ಚೌಕಾಸಿ ಮಾಡಲು ಪಕ್ಷಗಳು, ಪತ್ರಿಕೆಗಳು, ಅಧಿಕಾರಿಗಳು, ಕಾರ್ಮಿಕ ಸಂಘಗಳು ಅಲ್ಲಿ ಆಗಲೇ ಇದ್ದರು.

ಜರ್ಮನಿಯ ಕತೆಯೂ ಹೆಚ್ಚು ಕಡಿಮೆ ಹೀಗೇ. ಪಶ್ಚಿಮ ಜರ್ಮನಿಯ ಮೊದಲ ಚಾನ್ಸಲರ್ ಕೊನ್ರಾಡ್ ಅಡೆನಾವರ್ 1917ರಿಂದ 1933ರವರೆಗೆ ಕೊಲೋನ್ ನಗರದ ಮೇಯರ್ ಆಗಿದ್ದವರು. ನಾಜಿಗಳು ಅವರನ್ನು ಕಿತ್ತುಹಾಕಿದ್ದರು. ಅಂದರೆ ಆಳುವುದು ಗೊತ್ತಿದ್ದ ಜನ ಅಲ್ಲೇ ಇದ್ದರು. ಯುದ್ಧದ ನಂತರ ಅಮೆರಿಕ ಕೊಟ್ಟ ನೆರವಾದ ಮಾರ್ಷಲ್ ಯೋಜನೆಯಲ್ಲಿ ಪಶ್ಚಿಮ ಯುರೋಪಿಗೆಲ್ಲ ಸೇರಿ ಸುಮಾರು 1,300 ಕೋಟಿ ಡಾಲರ್ ಬಂತು. ಅದು ಇದ್ದ ಕಾರ್ಖಾನೆ, ಇದ್ದ ಬ್ಯಾಂಕು, ಇದ್ದ ಇಲಾಖೆಗಳ ಕೈಗೆ ಬಂದ ಹಣ. ಇದಕ್ಕೆ ತೆತ್ತ ಬೆಲೆಯನ್ನು ಮುಚ್ಚಿಡಬಾರದು. ನಾಜಿ ಪಕ್ಷದಲ್ಲಿದ್ದ ಎಷ್ಟೋ ಅಧಿಕಾರಿಗಳು, ನ್ಯಾಯಾಧೀಶರು 1950ರ ದಶಕದಲ್ಲಿ ತಮ್ಮ ಕುರ್ಚಿಗೆ ವಾಪಸ್ ಬಂದರು. ಕಷ್ಟ ಅನುಭವಿಸಿದವರಿಗೆ ಅದು ದೊಡ್ಡ ಅನ್ಯಾಯ.

ಇರಾಕಿನಲ್ಲಿ ನಡೆದದ್ದು ಇದಕ್ಕೆ ನೇರ ಉಲ್ಟಾ. ಅಲ್ಲಿ ಸದ್ದಾಂ ಹುಸೇನ್ ಕೈಯಲ್ಲಿದ್ದ ಕ್ರೂರ ಆಡಳಿತ ಇತ್ತು. ಆದರೆ ಆಡಳಿತ ಅಂತ ಒಂದು ಇತ್ತು. ಮಿತ್ರಪಡೆಗಳ ಆಡಳಿತದ ಮುಖ್ಯಸ್ಥರಾಗಿ ಬಂದ ಪಾಲ್ ಬ್ರೆಮರ್ 2003ರ ಮೇ 16ರಂದು ಮೊದಲ ಆದೇಶ ಹೊರಡಿಸಿದರು. ಸದ್ದಾಂ ಅವರ ಬಾತ್ ಪಕ್ಷದ ಮೇಲಿನ ಹಂತಗಳಲ್ಲಿದ್ದವರಿಗೆಲ್ಲ ಸರ್ಕಾರಿ ಕೆಲಸ ಇಲ್ಲ ಎಂಬುದು ಅದರ ಸಾರ. ಎಷ್ಟೋ ಮೇಷ್ಟ್ರುಗಳು, ಡಾಕ್ಟರುಗಳು, ಎಂಜಿನಿಯರುಗಳು ಬಡ್ತಿಗಾಗಿಯೇ ಪಕ್ಷ ಸೇರಿದ್ದವರು. ಅವರೂ ಹೊರಗೆ ಬಿದ್ದರು. ಮೇ 23ರ ಎರಡನೇ ಆದೇಶ ಇರಾಕಿ ಸೈನ್ಯವನ್ನೇ ವಿಸರ್ಜಿಸಿತು. ಬಂದೂಕು ಹಿಡಿಯಲು ಕಲಿತ ಲಕ್ಷಾಂತರ ಜನ ಒಂದೇ ದಿನ ಸಂಬಳವಿಲ್ಲದೆ, ಮರ್ಯಾದೆಯಿಲ್ಲದೆ ಬೀದಿಗೆ ಬಂದರು. ಮುಂದೆ ಹುಟ್ಟಿದ ದಂಗೆಗೆ, ಆಮೇಲೆ ಐಸಿಸ್‌ಗೆ ಯುದ್ಧ ಗೊತ್ತಿದ್ದ ಅಧಿಕಾರಿಗಳು ಸಿಕ್ಕಿದ್ದು ಇವರಿಂದಲೇ.

ಮೂರನೆಯ ತಪ್ಪು ಅಷ್ಟು ಸದ್ದು ಮಾಡಲಿಲ್ಲ. ನನಗೆ ಅದು ಮೊದಲೆರಡಕ್ಕಿಂತ ದೊಡ್ಡದಾಗಿ ಕಾಣುತ್ತದೆ. 2003ರ ಜುಲೈನಲ್ಲಿ 25 ಜನರ ಆಡಳಿತ ಮಂಡಳಿ ರಚನೆಯಾಯಿತು. ಅದರಲ್ಲಿ 13 ಶಿಯಾ, 5 ಸುನ್ನಿ, 5 ಕುರ್ದ್, ಒಬ್ಬ ತುರ್ಕ್‌ಮನ್, ಒಬ್ಬ ಅಸ್ಸೀರಿಯನ್. ಪಂಗಡ ಎಣಿಸಿ ಪಾಲು ಹಂಚಿದರೆ ಯಾರಿಗೂ ಅನ್ಯಾಯ ಆಗುವುದಿಲ್ಲ ಎಂಬುದು ಹೊರಗಿನವರ ಲೆಕ್ಕ. ನೋಡಲು ನ್ಯಾಯವೇ. ಆದರೆ ಅಂದಿನಿಂದ ರಾಜಕಾರಣಿಗೆ ತನ್ನ ಪಂಗಡದ ಹೆಸರೇ ಬಂಡವಾಳವಾಯಿತು. ಮಂತ್ರಿಗಿರಿ ಸಿಕ್ಕ ಪಕ್ಷ ಆ ಇಲಾಖೆಯನ್ನು ತನ್ನ ಪಾಲಿಗೆ ಬಂದ ಆಸ್ತಿಯಂತೆ ನಡೆಸಿತು. 2014ರ ಜೂನ್‌ನಲ್ಲಿ ಮೊಸುಲ್ ನಗರ ಐಸಿಸ್ ಕೈಗೆ ಹೋಯಿತು. ಆ ವರ್ಷದ ಕೊನೆಗೆ ಪ್ರಧಾನಿ ಹೈದರ್ ಅಲ್ ಅಬಾದಿ ಸಂಸತ್ತಿನಲ್ಲಿ ಒಂದು ವಿಷಯ ಬಹಿರಂಗಪಡಿಸಿದರು. ಸೈನ್ಯದ ಸಂಬಳದ ಪಟ್ಟಿಯಲ್ಲಿದ್ದ 50,000 ಹೆಸರುಗಳು ಲೆಕ್ಕಕ್ಕೆ ಮಾತ್ರ ಇದ್ದವು, ಆಳುಗಳು ಇರಲಿಲ್ಲ. 2019ರ ಅಕ್ಟೋಬರ್‌ನಲ್ಲಿ ಬಾಗ್ದಾದ್ ಮತ್ತು ದಕ್ಷಿಣದ ಊರುಗಳಲ್ಲಿ ಯುವಕರು ಬೀದಿಗೆ ಇಳಿದರು. ಹೆಚ್ಚಿನವರು ಶಿಯಾ ಹುಡುಗರೇ. ಅವರು ಕೂಗಿದ್ದು ತಮ್ಮದೇ ಪಂಗಡದ ನಾಯಕರ ವಿರುದ್ಧ, ಈ ಪಾಲು ಹಂಚಿಕೆಯ ವಿರುದ್ಧ. ನೂರಾರು ಜನ ಗುಂಡೇಟಿಗೆ ಸತ್ತರು.

ಈಗ ಅಫ್ಘಾನಿಸ್ತಾನ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಬೇರೆ ಬೇರೆ ಕಡೆ ಬಿಡಿಬಿಡಿಯಾಗಿ ಆದ ತಪ್ಪುಗಳೆಲ್ಲ ಇಲ್ಲಿ ಒಟ್ಟಿಗೆ ಆದವು.

2001ರ ಡಿಸೆಂಬರ್‌ನಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಹೊಸ ಸರ್ಕಾರದ ಒಪ್ಪಂದ ಆಯಿತು. ಯುದ್ಧದಲ್ಲಿ ಗೆದ್ದ ಬಣಗಳು, ಹೊರದೇಶದಲ್ಲಿದ್ದ ಅಫ್ಘನ್ನರು ಅಲ್ಲಿದ್ದರು. ಸೋತ ತಾಲಿಬಾನ್ ಇರಲಿಲ್ಲ. ಆಗ ಅವರು ಚೆಲ್ಲಾಪಿಲ್ಲಿಯಾಗಿದ್ದರು. ಕೆಲವು ನಾಯಕರು ಶರಣಾಗಿ ಊರು ಸೇರಿಕೊಳ್ಳಲೂ ತಯಾರಿದ್ದರು. ಅವರೊಂದಿಗೆ ಕಡಿಮೆ ಬೆಲೆಗೆ ರಾಜಿ ಮಾಡಿಕೊಳ್ಳಬಹುದಾಗಿದ್ದ ಕಾಲ ಅದು. 2020ರ ಫೆಬ್ರುವರಿ 29ರಂದು ದೋಹಾದಲ್ಲಿ ಕೊನೆಗೂ ಒಪ್ಪಂದ ಆದಾಗ ಮೇಜಿನ ಒಂದು ಕಡೆ ಅಮೆರಿಕ, ಇನ್ನೊಂದು ಕಡೆ ತಾಲಿಬಾನ್. ಕಾಬೂಲ್ ಸರ್ಕಾರವೇ ಅಲ್ಲಿರಲಿಲ್ಲ. ತನ್ನ ದೇಶದ ಭವಿಷ್ಯದ ಮಾತುಕತೆಗೆ ತನ್ನನ್ನೇ ಕರೆಯದಿದ್ದರೆ ಆ ಸರ್ಕಾರವನ್ನು ನಂಬಿ ಪ್ರಾಣ ಕೊಡುವವರು ಯಾರು? ಊರೂರಿನ ಪೊಲೀಸ್ ಠಾಣೆಗಳಿಗೂ ಆ ಸಂದೇಶ ತಲುಪಿತ್ತು.

2004ರ ಸಂವಿಧಾನ ಬಹುಪಾಲು ಅಧಿಕಾರವನ್ನು ಅಧ್ಯಕ್ಷರ ಕೈಗೆ ಕೊಟ್ಟಿತು. ಪ್ರಾಂತ್ಯದ ಗವರ್ನರ್ ಯಾರು, ಜಿಲ್ಲೆಯ ಮುಖ್ಯಸ್ಥ ಯಾರು, ಪೊಲೀಸ್ ಮುಖ್ಯಸ್ಥ ಯಾರು ಎಂದು ಕಾಬೂಲ್‌ನಲ್ಲೇ ತೀರ್ಮಾನ ಆಗುತ್ತಿತ್ತು. ಜಿಲ್ಲಾ ಮಂಡಳಿಗೆ ಚುನಾವಣೆ ನಡೆಸಬೇಕು ಎಂದು ಸಂವಿಧಾನದಲ್ಲೇ ಇತ್ತು. ಅದು ಒಮ್ಮೆಯೂ ನಡೆಯಲಿಲ್ಲ. ಬೆಟ್ಟ ಕಣಿವೆಗಳ ಆ ದೇಶದಲ್ಲಿ ಊರಿನ ಹಿರಿಯರು ಸೇರಿ ವ್ಯವಹಾರ ತೀರಿಸಿಕೊಳ್ಳುವುದು ಹಳೆಯ ರೂಢಿ. ಅಂಥ ಕಡೆ ಜನರಿಗೆ ತಮ್ಮ ಗವರ್ನರನ್ನು ಕೇಳುವ, ಬದಲಿಸುವ ದಾರಿಯೇ ಇರಲಿಲ್ಲ. ಹೊರಗಿನವರಿಗೂ ಇದು ಅನುಕೂಲವೇ ಆಗಿತ್ತು. ಒಬ್ಬ ಅಧ್ಯಕ್ಷ, ಒಂದು ಖಜಾನೆ ಇದ್ದರೆ ಮಾತಾಡುವುದು ಸುಲಭ. ಜಮೀನಿನ ತಗಾದೆಗೆ ಸರ್ಕಾರಿ ಕೋರ್ಟಿಗೆ ಹೋದರೆ ಲಂಚ ಕೊಟ್ಟೂ ವರ್ಷಗಟ್ಟಲೆ ಕಾಯಬೇಕಿತ್ತು. ತಾಲಿಬಾನ್ ನ್ಯಾಯಾಧೀಶ ಕೆಲವೇ ದಿನಗಳಲ್ಲಿ ತೀರ್ಪು ಹೇಳುತ್ತಿದ್ದ. ತಾಲಿಬಾನ್ ಅನ್ನು ಒಪ್ಪದವರೂ ಅವನ ಬಳಿ ಹೋದರು. ತಾಲಿಬಾನ್ ಹಳ್ಳಿಗಳಲ್ಲಿ ಮತ್ತೆ ಬೇರೂರಲು ಬಂದೂಕಿನಷ್ಟೇ ಈ ಕೋರ್ಟುಗಳೂ ಕಾರಣ.

ಇನ್ನು ಹಣ. ದೇಶ ಕಟ್ಟುವ ಕೆಲಸಕ್ಕೆಂದೇ ಅಮೆರಿಕ 20 ವರ್ಷಗಳಲ್ಲಿ ಸುಮಾರು 14,500 ಕೋಟಿ ಡಾಲರ್ ಇಟ್ಟಿತು. ಯುದ್ಧದ ಖರ್ಚು ಇದರಲ್ಲಿ ಸೇರಿಲ್ಲ. ಕೊನೆಯ ವರ್ಷಗಳಲ್ಲಿ ಕೂಡ ಸರ್ಕಾರಿ ಖರ್ಚಿನ ಸುಮಾರು ಮುಕ್ಕಾಲು ಭಾಗ ಹೊರದೇಶದ ನೆರವಿನಿಂದ ಬರುತ್ತಿತ್ತು. ಒಂದು ಕ್ಷಣ ಆ ಹಣಕಾಸು ಮಂತ್ರಿಯ ಜಾಗದಲ್ಲಿ ಕೂತು ಯೋಚಿಸಿ. ನೂರರಲ್ಲಿ 75 ರೂಪಾಯಿ ಹೊರಗಿನಿಂದ ಬರುತ್ತಿದ್ದರೆ ನೀವು ಯಾರ ಫೋನ್ ಮೊದಲು ಎತ್ತುತ್ತೀರಿ? ವ್ಯಾಪಾರಿಯದ್ದೋ, ರೈತನದ್ದೋ, ರಾಯಭಾರಿಯದ್ದೋ? ಹಣ ಬೇಗ ಖರ್ಚಾಗಬೇಕು ಎಂಬ ಒತ್ತಡವೂ ಮೇಲಿನಿಂದ ಇತ್ತು. ಆ ವರ್ಷದ ಹಣ ಆ ವರ್ಷವೇ ಮುಗಿಯದಿದ್ದರೆ ಮುಂದಿನ ವರ್ಷ ಕಡಿಮೆ ಆಗುತ್ತದೆ. ಹಾಗಾಗಿ ಗುತ್ತಿಗೆ ಮೇಲೆ ಗುತ್ತಿಗೆ, ಉಪಗುತ್ತಿಗೆ. 2010ರಲ್ಲಿ ಕಾಬೂಲ್ ಬ್ಯಾಂಕ್ ಮುಳುಗಿತು. ಸೈನಿಕರಿಗೆ, ಪೊಲೀಸರಿಗೆ, ಶಿಕ್ಷಕರಿಗೆ ಸಂಬಳ ಬಟವಾಡೆ ಮಾಡುತ್ತಿದ್ದ ಬ್ಯಾಂಕ್ ಅದು. 90 ಕೋಟಿ ಡಾಲರಿಗೂ ಜಾಸ್ತಿ ಹಣ ಸಾಲದ ಹೆಸರಿನಲ್ಲಿ ಅಧಿಕಾರದ ಹತ್ತಿರವಿದ್ದವರ ಪಾಲಾಗಿತ್ತು. ಹೊರಗಿನವರು ಬೈದರು, ಷರತ್ತು ಹಾಕಿದರು, ಮತ್ತೆ ಹಣ ಕೊಟ್ಟರು. ನಿಲ್ಲಿಸಿದ್ದರೆ ಯುದ್ಧದಲ್ಲಿ ತಮ್ಮ ಜೊತೆ ನಿಂತವರೇ ಬೀಳುತ್ತಿದ್ದರು. ಕೊಡುವವನಿಗೆ ನಿಲ್ಲಿಸಲು ಧೈರ್ಯವಿಲ್ಲ ಎಂದು ತೆಗೆದುಕೊಳ್ಳುವವನಿಗೆ ಚೆನ್ನಾಗಿ ಗೊತ್ತಿತ್ತು.

ಸೈನ್ಯದ ವಿಷಯದಲ್ಲಿ ಒಂದು ಸಣ್ಣ ವಿವರ ಹೇಳುತ್ತೇನೆ. ಅಫ್ಘನ್ ವಾಯುಪಡೆಗೆ ರಷ್ಯಾದ ಎಂಐ-17 ಹೆಲಿಕಾಪ್ಟರ್ ಹಳೆಯ ಪರಿಚಯ. ಅದನ್ನು ರಿಪೇರಿ ಮಾಡುವುದು ಅಲ್ಲಿನ ಮೆಕ್ಯಾನಿಕ್‌ಗಳಿಗೆ ಬರುತ್ತಿತ್ತು. 2017ರಿಂದ ಅದರ ಜಾಗಕ್ಕೆ ಅಮೆರಿಕದ ಬ್ಲ್ಯಾಕ್ ಹಾಕ್ ಬರತೊಡಗಿತು. ಅದು ಹೆಚ್ಚು ಜಟಿಲ, ಅದರ ದುರಸ್ತಿಗೆ ಬಹುಮಟ್ಟಿಗೆ ವಿದೇಶಿ ಗುತ್ತಿಗೆದಾರರೇ ಬೇಕು. 2021ರಲ್ಲಿ ಸೈನ್ಯದ ಜೊತೆ ಆ ಗುತ್ತಿಗೆದಾರರೂ ಹೊರಟರು. ಹೆಲಿಕಾಪ್ಟರ್‌ಗಳು ನೆಲ ಹಿಡಿದವು. ಗುಡ್ಡಗಳ ನಡುವಿನ ಠಾಣೆಗಳಿಗೆ ಊಟ, ಮದ್ದುಗುಂಡು ತಲುಪಲಿಲ್ಲ. ಗಾಯಾಳುಗಳನ್ನು ಕರೆತರಲು ಆಗಲಿಲ್ಲ. ಆಗಸ್ಟ್ 15ರಂದು ಅಧ್ಯಕ್ಷ ಅಶ್ರಫ್ ಘನಿ ದೇಶ ಬಿಟ್ಟರು, ತಾಲಿಬಾನ್ ಕಾಬೂಲ್ ಸೇರಿತು.

ಆ ದಿನಗಳಲ್ಲಿ "ಅಫ್ಘನ್ನರು ಹೋರಾಡಲೇ ಇಲ್ಲ" ಎಂಬ ಮಾತು ಬಹಳ ಕೇಳಿಬಂತು. ಅದನ್ನು ಕೇಳಿದಾಗಲೆಲ್ಲ ನನಗೆ ನೋವಾಗುತ್ತದೆ. 20 ವರ್ಷಗಳಲ್ಲಿ 2,400ಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಸತ್ತರು. ಸತ್ತ ಅಫ್ಘನ್ ಸೈನಿಕರು ಮತ್ತು ಪೊಲೀಸರು 60 ಸಾವಿರಕ್ಕೂ ಜಾಸ್ತಿ. ಅವರು ಹೋರಾಡಿದರು. ಕೊನೆಯ ಬೇಸಿಗೆಯಲ್ಲಿ ತಮ್ಮ ಹಿಂದೆ ಯಾರೂ ಇಲ್ಲ ಎಂಬುದು ಅವರಿಗೆ ಕಾಣಿಸಿತು. ಅಮೆರಿಕನ್ನರ ರೀತಿಯಲ್ಲಿ ಯುದ್ಧ ಮಾಡಲು ಕಲಿಸಿ, ಆ ರೀತಿಗೆ ಬೇಕಾದ ಹೆಲಿಕಾಪ್ಟರು, ಮೆಕ್ಯಾನಿಕ್ಕು, ಇಂಧನ ಎಲ್ಲವನ್ನೂ ವಾಪಸ್ ತೆಗೆದುಕೊಂಡ ಮೇಲೆ ಅವರನ್ನು ದೂರುವುದು ಸರಿಯಲ್ಲ.

ಇದರ ಜೊತೆಗೆ ಸಮಯದ ಸಮಸ್ಯೆ. ಹೊರಗಿನಿಂದ ಬಂದ ಅಧಿಕಾರಿಗಳು ಹೆಚ್ಚಾಗಿ ವರ್ಷದೊಳಗೆ ಬದಲಾಗುತ್ತಿದ್ದರು. ಒಂದು ಕಣಿವೆಯಲ್ಲಿ ಯಾರ ಯಾರ ನಡುವೆ ನೀರಿನ ಜಗಳ, ಯಾವ ಗುತ್ತಿಗೆದಾರ ಯಾರ ಭಾವ ಎಂದು ಅರ್ಥವಾಗುವ ಹೊತ್ತಿಗೆ ವಾಪಸ್ ಹೋಗುವ ವಿಮಾನ ಬಂದಿರುತ್ತದೆ. ಹೊಸಬರು ಮತ್ತೆ ಮೊದಲಿಂದ ಶುರು ಮಾಡುತ್ತಾರೆ. ಊರಿನವರು ಮಾತ್ರ ಅಲ್ಲೇ ಇರುತ್ತಾರೆ. ಹಾಗಾಗಿ ಹೊರಗಿನವರು ಹೋದ ಮೇಲೆ ಯಾರು ಉಳಿಯುತ್ತಾರೋ ಅವರ ಕಡೆಗೂ ಒಂದು ಕಾಲು ಇಟ್ಟಿರುತ್ತಾರೆ. ಅದನ್ನು ಮೋಸ ಅನ್ನಲಾಗದು. ಮಕ್ಕಳು ಮರಿ ಇರುವವರು ಬೇರೇನು ಮಾಡಿಯಾರು?

ಇದೆಲ್ಲ ಈ ಶತಮಾನದ ಹೊಸ ಕಾಯಿಲೆಯೂ ಅಲ್ಲ. ಅಮೆರಿಕ 1915ರಿಂದ 1934ರವರೆಗೆ ಕೆರಿಬಿಯನ್ ದೇಶ ಹೈಟಿಯನ್ನು ಹಿಡಿದುಕೊಂಡಿತ್ತು. ವಿದೇಶಿಯರು ಭೂಮಿ ಕೊಳ್ಳುವಂತಿಲ್ಲ ಎಂಬುದು ಗುಲಾಮಗಿರಿಯಿಂದ ಹೋರಾಡಿ ಬಿಡುಗಡೆಯಾದ ಆ ಜನ ಮಾಡಿಕೊಂಡಿದ್ದ ಕಾನೂನು. ಅದನ್ನು ತೆಗೆಯುವ ಸಂವಿಧಾನವನ್ನು ಹೈಟಿಯ ಸಂಸತ್ತು ಒಪ್ಪಲಿಲ್ಲ. 1917ರಲ್ಲಿ ಸಂಸತ್ತನ್ನೇ ಮುಚ್ಚಿಸಲಾಯಿತು. ಬಿಟ್ಟಿ ದುಡಿಮೆಗೆ ಹಳ್ಳಿಯವರನ್ನು ಹಿಡಿದು ತಂದು ರಸ್ತೆ ಮಾಡಿಸಿದರು. ರಸ್ತೆ ಆಯಿತು, ದಂಗೆಯೂ ಆಯಿತು. ಹೊರಗಿನವರು ಕಟ್ಟಿಕೊಟ್ಟ ಸಶಸ್ತ್ರ ಪಡೆ ಮುಂದೆ ದಶಕಗಟ್ಟಲೆ ಸರ್ಕಾರಗಳನ್ನು ಏರಿಸುವ, ಇಳಿಸುವ ಕೆಲಸ ಮಾಡಿತು.

ಬಾಸ್ನಿಯಾದ ವಿಷಯದಲ್ಲಿ ನನ್ನ ಮನಸ್ಸು ಎರಡು ಕಡೆಗೂ ಎಳೆಯುತ್ತದೆ. ಯುರೋಪಿನ ಆ ದೇಶದಲ್ಲಿ ಬಾಸ್ನಿಯಾಕ್ (ಅಲ್ಲಿನ ಮುಸ್ಲಿಮರು), ಕ್ರೊಯೆಟ್, ಸರ್ಬ್ ಜನರ ನಡುವಿನ ಯುದ್ಧದಲ್ಲಿ ಸುಮಾರು ಒಂದು ಲಕ್ಷ ಜನ ಸತ್ತಿದ್ದರು. 1995ರಲ್ಲಿ ಅಮೆರಿಕದ ಡೇಟನ್ ನಗರದ ವಾಯುನೆಲೆಯಲ್ಲಿ ಮೂರೂ ಕಡೆಯವರನ್ನು ಕೂರಿಸಿ ಒಪ್ಪಂದ ಮಾಡಿಸಿದರು. ಸುಮಾರು 60,000 ಸೈನಿಕರು ಬಂದು ಅದನ್ನು ಕಾದರು. ಅಂದಿನಿಂದ ಅಲ್ಲಿ ಮತ್ತೆ ಯುದ್ಧ ಆಗಿಲ್ಲ. ಇದು ಸಣ್ಣ ಸಾಧನೆ ಅಂತ ಯಾರೂ ಹೇಳಬಾರದು. ಆದರೆ ಆ ದೇಶದ ಸಂವಿಧಾನ ಆ ಒಪ್ಪಂದದ ನಾಲ್ಕನೇ ಅನುಬಂಧ. ಜನರ ಮತಕ್ಕೆ ಅದು ಬರಲೇ ಇಲ್ಲ. ಬಾಸ್ನಿಯಾಕ್, ಕ್ರೊಯೆಟ್, ಸರ್ಬ್ ಹೀಗೆ ಮೂವರು ಸದಸ್ಯರ ಅಧ್ಯಕ್ಷ ಮಂಡಳಿ. ಎಂಟು ತಿಂಗಳಿಗೊಮ್ಮೆ ಸರದಿ. ಈ ಮೂರರಲ್ಲಿ ಸೇರದವರು ಆ ಸ್ಥಾನಕ್ಕೆ ನಿಲ್ಲುವಂತೆಯೇ ಇಲ್ಲ. ಒಬ್ಬ ರೋಮಾ, ಒಬ್ಬ ಯಹೂದಿ ನಾಗರಿಕರು ಇದನ್ನು ಪ್ರಶ್ನಿಸಿದರು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2009ರಲ್ಲಿ ಇದು ತಾರತಮ್ಯ ಎಂದು ತೀರ್ಪು ಕೊಟ್ಟಿತು. ಅಲ್ಲಿನ ನಾಯಕರು ತಿದ್ದುಪಡಿಗೆ ವರ್ಷಾನುಗಟ್ಟಲೆ ಒಪ್ಪಲಿಲ್ಲ. ಬಂದೂಕು ಇಳಿಸಲು ಮಾಡಿದ ಏರ್ಪಾಡೇ ಅವರ ಅಧಿಕಾರದ ಬುಡವಾಗಿತ್ತು.

ಬಾಸ್ನಿಯಾದ ಮೇಲೆ ಹೊರಗಿನಿಂದ ನೇಮಕವಾದ ಒಬ್ಬ ಉನ್ನತ ಪ್ರತಿನಿಧಿ ಇದ್ದಾರೆ. 1997ರ ಕೊನೆಯಲ್ಲಿ ಅವರಿಗೆ ಕಾನೂನು ಹೇರುವ, ಚುನಾಯಿತರನ್ನೂ ವಜಾ ಮಾಡುವ ಅಧಿಕಾರ ಸಿಕ್ಕಿತು. ಇದರಿಂದ ಒಳ್ಳೆಯದೂ ಆಗಿದೆ. ಹಿಂದೆ ಗಾಡಿಯ ನಂಬರ್ ಪ್ಲೇಟ್ ನೋಡಿದರೆ ಅದು ಯಾವ ಕಡೆಯದ್ದು ಎಂದು ತಿಳಿಯುತ್ತಿತ್ತು. ಜನ ಆಚೆ ಕಡೆ ಹೋಗಲು ಹೆದರುತ್ತಿದ್ದರು. 1998ರಲ್ಲಿ ಎಲ್ಲರಿಗೂ ಒಂದೇ ಬಗೆಯ ಪ್ಲೇಟ್ ಬಂತು. ಲ್ಯಾಟಿನ್, ಸಿರಿಲಿಕ್ ಎರಡೂ ಲಿಪಿಗಳಲ್ಲಿ ಒಂದೇ ರೂಪದ ಅಕ್ಷರಗಳನ್ನು ಮಾತ್ರ ಅದರಲ್ಲಿ ಬಳಸಿದರು. ಜನ ಧೈರ್ಯವಾಗಿ ಓಡಾಡತೊಡಗಿದರು. ಆದರೆ ಕಷ್ಟದ ತೀರ್ಮಾನವನ್ನೆಲ್ಲ ಹೊರಗಿನವರೇ ತೆಗೆದುಕೊಂಡರೆ ಒಳಗಿನ ರಾಜಕಾರಣಿಗೆ ರಾಜಿಯ ಅಗತ್ಯ ಏನು? ತನ್ನ ಜನರ ಮುಂದೆ ಹಟ ಮಾಡಿ ಚಪ್ಪಾಳೆ ಗಿಟ್ಟಿಸಿ, ಕೊನೆಗೆ ಎಲ್ಲ ಅವರೇ ಹೇರಿದರು ಎಂದು ಹೇಳಿದರೆ ಮುಗಿಯಿತು. 2004ರಲ್ಲಿ ಒಂದೇ ದಿನ ಸುಮಾರು 60 ಜನರನ್ನು ಹುದ್ದೆಯಿಂದ ತೆಗೆಯಲಾಯಿತು. ಹಾಗಿದ್ದೂ ಅಲ್ಲಿನ ರಾಜಕೀಯ ಬದಲಾಗಲಿಲ್ಲ.

ಇದಕ್ಕೆ ಎದುರಾಗಿ ಸೊಮಾಲಿಯಾ ಕಡೆ ನೋಡಿ. 1991ರಲ್ಲಿ ಅಲ್ಲಿನ ಸರ್ಕಾರ ಬಿದ್ದುಹೋಯಿತು. ರಾಜಧಾನಿ ಮೊಗಾದಿಶುಗೆ ವಿಶ್ವಸಂಸ್ಥೆ, ಅಮೆರಿಕ, ದೊಡ್ಡ ಪಡೆಗಳು, ದೊಡ್ಡ ಹಣ ಎಲ್ಲ ಬಂದವು. 1993ರ ಅಕ್ಟೋಬರ್‌ನ ಕಾದಾಟದಲ್ಲಿ 18 ಅಮೆರಿಕನ್ ಸೈನಿಕರು, ನೂರಾರು ಸೊಮಾಲಿಗಳು ಸತ್ತರು. 1995ರ ಮಾರ್ಚ್‌ಗೆ ಎಲ್ಲ ಪಡೆಗಳೂ ಹೊರಟವು. ಆ ಕಾಲದಿಂದ ಹತ್ತಕ್ಕೂ ಜಾಸ್ತಿ ಶಾಂತಿ ಸಮ್ಮೇಳನಗಳು ಬೇರೆ ದೇಶಗಳಲ್ಲಿ ನಡೆದವು. ಬಂದವರಿಗೆ ಊಟ, ವಸತಿ, ಭತ್ಯೆ ಎಲ್ಲ ಹೊರಗಿನವರದ್ದೇ. ಬೇಗ ರಾಜಿ ಮಾಡಿಕೊಂಡು ಊರಿಗೆ ಹೋಗಬೇಕು ಎಂಬ ತುರ್ತು ಯಾರಿಗೂ ಇರಲಿಲ್ಲ.

ಅದೇ ಹೊತ್ತಿನಲ್ಲಿ ಉತ್ತರದ ಸೊಮಾಲಿಲ್ಯಾಂಡ್ 1991ರ ಮೇ 18ರಂದು ತಾನು ಬೇರೆ ದೇಶ ಎಂದು ಘೋಷಿಸಿಕೊಂಡಿತು. ಮೂರು ದಶಕ ಯಾವ ದೇಶವೂ ಅದನ್ನು ಮಾನ್ಯ ಮಾಡಲಿಲ್ಲ. ಹಾಗಾಗಿ ಸರ್ಕಾರಕ್ಕೆ ದೊಡ್ಡ ಸಾಲವಿಲ್ಲ, ದೊಡ್ಡ ನೆರವಿಲ್ಲ. 1992ರಲ್ಲಿ ಬರ್ಬೆರಾ ಬಂದರಿಗಾಗಿ ಕುಲಗಳ ನಡುವೆ ಹೊಡೆದಾಟ ಆಯಿತು. ಬಂದರಿನ ಆದಾಯ ಯಾರಿಗೆ ಎಂಬುದೇ ಜಗಳ. ಹಿರಿಯರು ಕೂತು ಬಂದರು ಎಲ್ಲರಿಗೂ ಸೇರಿದ್ದು ಎಂದು ತೀರ್ಮಾನಿಸಿದರು. 1993ರಲ್ಲಿ ಬೊರಾಮ ಪಟ್ಟಣದಲ್ಲಿ ಎಲ್ಲ ಕುಲಗಳ ಹಿರಿಯರು ತಿಂಗಳುಗಟ್ಟಲೆ ಕೂತರು. ಬಂದವರಿಗೆ ಅನ್ನ, ನೆಲೆ ಕೊಟ್ಟದ್ದು ಬಹುಮಟ್ಟಿಗೆ ಊರಿನವರು, ವ್ಯಾಪಾರಿಗಳು, ಹೊರದೇಶದಲ್ಲಿದ್ದ ನೆಂಟರು. ಹಿರಿಯರ ಸಭೆಯೇ ಮೇಲ್ಮನೆ ಆಯಿತು. ಮೊಹಮದ್ ಇಬ್ರಾಹಿಂ ಎಗಲ್ ಅಧ್ಯಕ್ಷರಾದರು. ಅವರಿಗೆ ಹಣ ಬೇಕಿತ್ತು. ಇದ್ದದ್ದು ಬರ್ಬೆರಾದಿಂದ ಕುರಿ, ಆಡು, ಒಂಟೆ ಸಾಗಿಸುವ ವ್ಯಾಪಾರಿಗಳ ಹತ್ತಿರ. ಅವರು ಸಾಲ ಕೊಟ್ಟರು, ಬದಲಿಗೆ ತೆರಿಗೆಯಲ್ಲಿ ರಿಯಾಯಿತಿ ಪಡೆದರು, ದಾರಿಗಳು ಸುರಕ್ಷಿತವಾಗಿರಬೇಕು ಎಂದು ಪಟ್ಟು ಹಿಡಿದರು. ಅಧ್ಯಕ್ಷರು ಮಾತು ಕೇಳಲೇಬೇಕಾಯಿತು. ಮೊದಲು ಹೇಳಿದ ಆಳುವವರ ಮತ್ತು ಜನರ ಒಪ್ಪಂದ ಎಂದರೆ ಇದೇ.

2003ರ ಅಧ್ಯಕ್ಷ ಚುನಾವಣೆಯಲ್ಲಿ ಮೊದಲ ಎಣಿಕೆಯ ಅಂತರ ಬರೀ 80 ಮತ. ಎಷ್ಟೋ ದೇಶಗಳಲ್ಲಿ ಇದಕ್ಕೆ ರಕ್ತ ಹರಿದಿದೆ. ಸೋತ ಅಭ್ಯರ್ಥಿ ಸಿಲಾನ್ಯೊ ಕೋರ್ಟಿಗೆ ಹೋದರು, ಅಲ್ಲೂ ಸೋತರು, ಒಪ್ಪಿಕೊಂಡರು. 2010ರಲ್ಲಿ ಅವರೇ ಗೆದ್ದು ಅಧ್ಯಕ್ಷರಾದರು.

ಸೊಮಾಲಿಲ್ಯಾಂಡ್ ಅನ್ನು ಹೊಗಳಿ ಅಟ್ಟಕ್ಕೇರಿಸುವುದು ಬೇಡ. ಮೇಲ್ಮನೆಗೆ ಇದುವರೆಗೆ ನೇರ ಚುನಾವಣೆ ನಡೆದಿಲ್ಲ, ಅವಧಿ ವಿಸ್ತರಣೆ ಮಾಡಿಕೊಂಡೇ ಬಂದಿದ್ದಾರೆ. 2023ರಲ್ಲಿ ಪೂರ್ವದ ಲಾಸ್ ಅನೊದ್ ಪಟ್ಟಣದಲ್ಲಿ ದೊಡ್ಡ ಕಾದಾಟ ಆಯಿತು. ಅಲ್ಲಿನ ಕುಲದವರಿಗೆ ಈ ಒಪ್ಪಂದದಲ್ಲಿ ತಮಗೆ ಸರಿಯಾದ ಜಾಗ ಸಿಕ್ಕಿಲ್ಲ ಎಂಬ ಬೇಸರ ಬಹಳ ಹಿಂದಿನದು. ಒಳಗಿನವರು ಮಾಡಿಕೊಂಡ ಒಪ್ಪಂದದಲ್ಲೂ ಹೊರಗುಳಿಯುವವರು ಇರುತ್ತಾರೆ. ಹೆಂಗಸರು ಬೊರಾಮದಲ್ಲಿ ತೀರ್ಮಾನ ಮಾಡುವ ಜಾಗದಲ್ಲಿ ಇರಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ.

ಈಗ ನಿಮ್ಮ ಕೊನೆಯ ಪ್ರಶ್ನೆ. ಕೈಕಟ್ಟಿ ಕೂರಬೇಕಾ? ಖಂಡಿತ ಬೇಡ. ಜನ ಸಾಯುವಾಗ ದೂರ ನಿಂತು ಅವರ ಒಪ್ಪಂದ ಅವರೇ ಮಾಡಿಕೊಳ್ಳಲಿ ಎನ್ನುವುದು ಕಲ್ಲು ಮನಸ್ಸಿನ ಮಾತು. ಹೊರಗಿನವರು ಏನು ಮಾಡಬೇಕು, ಎಷ್ಟರಲ್ಲಿ ನಿಲ್ಲಬೇಕು ಎಂಬುದೇ ವಿಷಯ.

ಪೂರ್ವ ಟಿಮೋರ್‌ನಲ್ಲಿ 1999ರ ಆಗಸ್ಟ್ 30ರಂದು ಶೇ 78.5ರಷ್ಟು ಜನ ಇಂಡೊನೇಷ್ಯಾದಿಂದ ಬೇರೆಯಾಗಲು ಮತ ಹಾಕಿದರು. ಸೇಡಿಗಾಗಿ ಸಶಸ್ತ್ರ ಗುಂಪುಗಳು ಊರುಗಳನ್ನು ಸುಟ್ಟವು. ಆಗ ಹೊರಗಿನ ಪಡೆ ಬರದಿದ್ದರೆ ಏನಾಗುತ್ತಿತ್ತೋ ಯೋಚಿಸಲೂ ಭಯ. ಬಳಿಕ ವಿಶ್ವಸಂಸ್ಥೆಯೇ ಆ ದೇಶವನ್ನು ಆಳಿತು. ನಮ್ಮನ್ನು ಕೇಳದೇ ಎಲ್ಲ ನಡೆಸುತ್ತೀರಿ ಎಂದು ಸ್ಥಳೀಯ ನಾಯಕರು ದೂರಿದರು. 2000ದಲ್ಲಿ ಸಂಪುಟದಲ್ಲಿ ಅವರಿಗೂ ಪಾಲು ಕೊಟ್ಟರು. 2002ರ ಮೇ 20ರಂದು ಸ್ವಾತಂತ್ರ್ಯ ಬಂತು, ಪಡೆಗಳನ್ನು ಬೇಗ ಬೇಗ ಇಳಿಸಿದರು. 2006ರಲ್ಲಿ ಸೈನ್ಯದಿಂದ ಸುಮಾರು 600 ಜನರನ್ನು ವಜಾ ಮಾಡಿದಾಗ ಸೈನ್ಯ ಮತ್ತು ಪೊಲೀಸರು ಪರಸ್ಪರ ಗುಂಡು ಹಾರಿಸಿಕೊಂಡರು. ಸುಮಾರು ಒಂದೂವರೆ ಲಕ್ಷ ಜನ ಮನೆ ಬಿಟ್ಟು ಓಡಿದರು. ಹೊರಗಿನವರು ಮತ್ತೆ ಬಂದರು. ಆದರೆ ಈ ಸಲ ಓಡಿಹೋದವರನ್ನು ವಾಪಸ್ ಕರೆಸಲು ಹಣ ಕೊಟ್ಟದ್ದು, ಸೈನಿಕರ ಜೊತೆ ಮಾತಾಡಿದ್ದು ಟಿಮೋರ್ ಸರ್ಕಾರವೇ. ತೈಲದ ಆದಾಯಕ್ಕೆ 2005ರಲ್ಲೇ ಅವರು ಒಂದು ನಿಧಿ ಮಾಡಿಕೊಂಡಿದ್ದರು. 2012ರ ಕೊನೆಗೆ ಶಾಂತಿಪಾಲನಾ ಪಡೆ ಹೊರಟಿತು. ಚುನಾವಣೆಗಳು ನಡೆಯುತ್ತಿವೆ, ಸರ್ಕಾರಗಳು ಬದಲಾಗುತ್ತಿವೆ.

ನನಗೆ ಹೆಚ್ಚು ಭರವಸೆ ಕೊಡುವುದು ಪಶ್ಚಿಮ ಆಫ್ರಿಕಾದ ಲೈಬೀರಿಯಾ. ಅಲ್ಲಿ 1989ರಿಂದ 2003ರವರೆಗೆ ನಡುವೆ ಸ್ವಲ್ಪ ಬಿಡುವು ಬಿಟ್ಟರೆ ಯುದ್ಧವೇ. 2003ರಲ್ಲಿ ಘಾನಾದ ಅಕ್ರಾದಲ್ಲಿ ಮಾತುಕತೆ ಎಳೆದಾಡುತ್ತಿದ್ದಾಗ ಲೈಬೀರಿಯಾದ ಹೆಂಗಸರು ಸಭಾಂಗಣದ ಬಾಗಿಲಿಗೆ ಅಡ್ಡ ಕೂತರು. ಒಪ್ಪಂದ ಆಗುವವರೆಗೆ ಯಾರನ್ನೂ ಹೊರಗೆ ಬಿಡುವುದಿಲ್ಲ ಎಂದರು. ಅವರ ಮುಂದಾಳು ಲೇಮಾ ಬೋವಿಗೆ 2011ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ವಿಶ್ವಸಂಸ್ಥೆಯ ಸುಮಾರು 15,000 ಸೈನಿಕರು ಬಂದರು. ಭಾರತದಿಂದ ಹೋದ ಮಹಿಳೆಯರೇ ತುಂಬಿದ್ದ ಪೊಲೀಸ್ ತುಕಡಿಯೂ 2007ರಿಂದ ಅಲ್ಲಿ ಕೆಲಸ ಮಾಡಿತು. ಹಳೆಯ ಸೈನ್ಯದ ಜಾಗದಲ್ಲಿ ಸುಮಾರು 2,000 ಜನರ ಸಣ್ಣ ಸೈನ್ಯ ಕಟ್ಟಿದರು. ಸೇರಬಯಸಿದವರ ಹೆಸರು, ಫೋಟೊ ಪ್ರಕಟಿಸಿ, ಯಾರಾದರೂ ಯುದ್ಧದಲ್ಲಿ ಅನಾಚಾರ ಮಾಡಿದ್ದರೆ ಹೇಳಿ ಎಂದು ಜನರನ್ನೇ ಕೇಳಿದರು. ಬಂದರು, ವಿಮಾನ ನಿಲ್ದಾಣದಂಥ ಕಡೆ ದುಡ್ಡು ಸೋರದಂತೆ ಚೆಕ್‌ಗೆ ಒಬ್ಬ ಲೈಬೀರಿಯನ್ ಅಧಿಕಾರಿಯ ಜೊತೆ ಒಬ್ಬ ವಿದೇಶಿ ತಜ್ಞರೂ ಸಹಿ ಹಾಕುವ ಪದ್ಧತಿ ತಂದರು. ಇದನ್ನು ಕೆಲವು ವರ್ಷಗಳಲ್ಲೇ ಮುಗಿಸಿದರು. ಪಡೆ ಮಾತ್ರ 2018ರವರೆಗೆ, ಅಂದರೆ ಹೆಚ್ಚು ಕಡಿಮೆ 15 ವರ್ಷ, ನಿಧಾನವಾಗಿ ಕಡಿಮೆಯಾಗುತ್ತಾ ಉಳಿಯಿತು. ಕಾವಲು ದೀರ್ಘ, ಆಡಳಿತದಲ್ಲಿ ಕೈಹಾಕುವುದು ಚಿಕ್ಕದು. ಅಫ್ಘಾನಿಸ್ತಾನದಲ್ಲೂ ಕಾವಲು ದೀರ್ಘವೇ ಇತ್ತು. ಆದರೆ ಅಲ್ಲಿ ಕಾಯಲು ಎಲ್ಲ ಕಡೆಯವರೂ ಸಹಿ ಹಾಕಿದ ಒಪ್ಪಂದವೇ ಇರಲಿಲ್ಲ.

2023ರ ನವೆಂಬರ್‌ನಲ್ಲಿ ಲೈಬೀರಿಯಾದ ಅಧ್ಯಕ್ಷ ಜಾರ್ಜ್ ವೆಯಾ ಬಹಳ ಕಡಿಮೆ ಅಂತರದಲ್ಲಿ ಸೋತರು. ಪೂರ್ತಿ ಫಲಿತಾಂಶ ಬರುವ ಮೊದಲೇ ಸೋಲು ಒಪ್ಪಿಕೊಂಡು ಎದುರಾಳಿ ಜೋಸೆಫ್ ಬೊಕಾಯ್‌ಗೆ ಶುಭ ಕೋರಿದರು. ಬಡತನ ಇನ್ನೂ ಇದೆ, ಲಂಚವೂ ಇದೆ. ಯುದ್ಧಕಾಲದ ಅಪರಾಧಗಳಿಗೆ ವಿಶೇಷ ನ್ಯಾಯಾಲಯ ಬೇಕು ಎಂದು ಅಲ್ಲಿನ ಸತ್ಯಶೋಧನಾ ಆಯೋಗ 2009ರಲ್ಲೇ ಹೇಳಿತ್ತು. ಅದರ ತಯಾರಿಗೆ ಕಚೇರಿ ತೆರೆಯುವ ಆದೇಶಕ್ಕೆ ಬೊಕಾಯ್ ಸಹಿ ಹಾಕಿದ್ದು 2024ರಲ್ಲಿ. ಇಷ್ಟು ತಡವಾಗಿದ್ದು ಸಂತ್ರಸ್ತರಿಗೆ ಸಂಕಟವೇ. ಆದರೂ ಅದು ಅವರ ಸಂಸತ್ತಿನಲ್ಲಿ, ಅವರ ಬೀದಿಗಳಲ್ಲಿ ವಾದ ಮಾಡಿ ತೆಗೆದುಕೊಂಡ ತೀರ್ಮಾನ. ಆ ನ್ಯಾಯಾಲಯಕ್ಕೆ ಹಣ ಬೇಕು, ಅನುಭವ ಇರುವ ತನಿಖೆದಾರರು ಬೇಕು, ಸಾಕ್ಷಿಗಳಿಗೆ ರಕ್ಷಣೆ ಬೇಕು. ಹೊರಗಿನವರು ಈಗ ಕೊಡಬೇಕಾದದ್ದು ಇಂಥ ನೆರವು, ಅವರು ಕೇಳಿದಷ್ಟು, ಕೇಳಿದ ಕಡೆಗೆ.